ಏಳನೇ ದೋಣಿಯಲ್ಲಿ ಹೆಲಿಕಾಪ್ಟರ್

ರಾಜೀವ ತನ್ನ ಸಂಸಾರದಲ್ಲಿ ಹೇಳಿದ್ದು ಒಂದೇ ಒಂದು ಸುಳ್ಳು. ಬೇರೆ ಗಂಡಂದಿರಂತೆ ದಿನಕ್ಕೊಂದು ಹೇಳಿ ಸಂಜೆಯೊಳಗೆ ಮರೆತುಬಿಡುವ ಜಾಣತನ ಅವನಿಗೆ ಇದ್ದಿದ್ದರೆ ಈ ಕತೆಯೇ ಹುಟ್ಟುತ್ತಿರಲಿಲ್ಲ. ಇದ್ದದ್ದೇ ಒಂದಾದ್ದರಿಂದ ಅದನ್ನು ಇಪ್ಪತ್ತೊಂಬತ್ತು ವರ್ಷ ಅನ್ನ ಹಾಕಿ ಸಾಕಬೇಕಾಯಿತು.

ಸುಳ್ಳು ಹುಟ್ಟಿದ್ದು ಉಪ್ಪುಂದದಲ್ಲಿ, ಹೆಣ್ಣು ನೋಡುವ ದಿನ. ಹುಡುಗಿಯ ಹೆಸರು ಹರಿಣಾಕ್ಷಿ. ಹಿರಿಯರೆಲ್ಲ ಆ ವರ್ಷದ ಬಂಗುಡೆ ಮೀನಿನ ವಿಷಯ ಮಾತಾಡಲು ಅಂಗಳಕ್ಕೆ ಎದ್ದುಹೋದಾಗ ಚಾವಡಿಯಲ್ಲಿ ಇವರಿಬ್ಬರೇ ಉಳಿದರು. ಅಡುಗೆ ಬರುತ್ತದಾ ಎಂದು ಕೇಳಲು ರಾಜೀವ ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಹುಡುಗಿಯೇ ಕೇಳಿದಳು, ‘ಏಳನೇ ದೋಣಿ’ ಓದಿದ್ದೀರಾ ಎಂದು. ಅವನಿಗೆ ಮೊದಲು ಇದು ಮಾವನ ಆಸ್ತಿಯ ಸಂಗತಿ ಅನಿಸಿತು. ಏಳು ದೋಣಿಯ ಮನೆಯಾ ಎಂದು ಒಳಗೊಳಗೇ ಹಿಗ್ಗಿದ. ಆಮೇಲೆ ಕಿಟಕಿಯ ಮೇಲೆ ರಟ್ಟು ಕಿತ್ತುಹೋದ ಒಂದು ಕಾದಂಬರಿ ಕಣ್ಣಿಗೆ ಬಿತ್ತು, ಬೆನ್ನ ಮೇಲೆ ಅದೇ ಹೆಸರು. ಹುಡುಗಿಯ ಕಣ್ಣು ನೋಡಿದ. ಅಂಥ ಕಣ್ಣಿನ ಮುಂದೆ ‘ಇಲ್ಲ’ ಎನ್ನಲು ಬೇರೆಯೇ ಎದೆಗಾರಿಕೆ ಬೇಕು.

“ಓದ್ದೆ,” ಎಂದ. “ಎಂತ ಹೇಳುದ್, ಕಣ್ಣಂಗೆ ನೀರ್ ಬಂತ್.”

ಹುಡುಗಿ ಒಳಗೆ ಹೋಗಿ ತಾಯಿಯ ಕಿವಿಯಲ್ಲಿ ಒಪ್ಪಿಗೆ ಎಂದಳು. ಅದಕ್ಕೆ ಹದಿನೈದು ದಿನದ ಹಿಂದಷ್ಟೇ ಒಬ್ಬ ಬ್ಯಾಂಕಿನವನು ಬಂದಿದ್ದ. ಸ್ವಂತ ಸ್ಕೂಟರು, ಗುಂಗುರು ಕೂದಲು. ಕಾದಂಬರಿ ಓದುವುದೆಲ್ಲ ಕೆಲಸವಿಲ್ಲದವರ ಕೆಲಸ ಎಂದು ಬಾಯಿ ತಪ್ಪಿ ಹೇಳಿ ಬರಿಗೈಯಲ್ಲಿ ವಾಪಸಾಗಿದ್ದ.

ಹೀಗೆ ಬೀಜಾಡಿಗೆ ಬಂದ ಹರಿಣಾಕ್ಷಿಯ ಪೆಟ್ಟಿಗೆಯಲ್ಲಿ ಆ ಕಾದಂಬರಿಯೂ ಬಂತು. ವರ್ಷಕ್ಕೊಮ್ಮೆಯಾದರೂ ಓದುತ್ತಿದ್ದಳು. ಒಣಮೀನಿನ ವ್ಯಾಪಾರ ಶುರುಮಾಡಿದ ಮೇಲೆ ಅಂಗಡಿಯಲ್ಲಿ ಕೂತು ಓದಿ ಓದಿ ಪುಟಗಳಿಗೆಲ್ಲ ಸಿಗಡಿಯ ಪರಿಮಳ ಹತ್ತಿತ್ತು. ಓದಿದಾಗಲೆಲ್ಲ ಕತೆಯ ನಾಯಕ ನಾಯಕಿಯರ ಬಗ್ಗೆ ಗಂಡನ ಹತ್ತಿರ ಚರ್ಚೆ. ಬೆಳ್ಳಿ ಆವತ್ತು ಬಾಗಿಲು ತೆಗೆಯಬೇಕಿತ್ತಲ್ಲವಾ, ಚಂದಯ್ಯ ಅಷ್ಟು ಕಲ್ಲಾಗಬಾರದಿತ್ತಲ್ಲವಾ, ಹೀಗೆ. ರಾಜೀವನ ಬಳಿ ಇದಕ್ಕೆಲ್ಲ ಮೂರು ಉತ್ತರಗಳಿದ್ದವು. ‘ಅದೇ ಅಲ್ದಾ.’ ‘ಅಲ್ಲೇ ಇಪ್ದ್ ಕತಿ.’ ಇವೆರಡೂ ಸಾಲದೆ ಹೋದರೆ ‘ಬರ್ದವ್ರಿಗೆ ಕೈ ಮುಗೀಕ್.’ ಈ ಮೂರನ್ನೇ ತಿರುಗಿಸಿ ಮುರುಗಿಸಿ ಹಾಕಿ ಒಬ್ಬ ಮಗಳನ್ನು ಸಾಕಿ, ಓದಿಸಿ, ಬ್ರಹ್ಮಾವರಕ್ಕೆ ಮದುವೆ ಮಾಡಿ ಕೊಟ್ಟಿದ್ದ.

ಓದಲು ಪ್ರಯತ್ನವನ್ನೇ ಮಾಡಲಿಲ್ಲ ಎಂದರೆ ಅನ್ಯಾಯವಾದೀತು. ಕುಂದಾಪುರದಲ್ಲಿ ಅವನದು ಬಲೆ, ಹಗ್ಗ, ತೇಲುಗುಂಡುಗಳ ಅಂಗಡಿ. ಮಳೆಗಾಲದಲ್ಲಿ ದೋಣಿಗಳು ಮೇಲೆ ಬಂದ ಮೇಲೆ ನೊಣ ಹೊಡೆಯುವುದೇ ವ್ಯಾಪಾರ. ಆಗೆಲ್ಲ ಪುಸ್ತಕ ಕೈಗೆತ್ತಿಕೊಳ್ಳುತ್ತಿದ್ದ. ಮೊದಲನೇ ಪುಟದಲ್ಲಿ ಮರಳಿನ ವರ್ಣನೆ. ಎರಡನೇ ಪುಟದಲ್ಲೂ ಮರಳೇ. ಹುಟ್ಟಿದಂದಿನಿಂದ ಮರಳಿನ ಮೇಲೆಯೇ ಮಲಗಿದವನಿಗೆ ಅದನ್ನು ಓದಿದರೂ ಮಲಗಬೇಕು ಅನಿಸಿದರೆ ತಪ್ಪೇನು. ಮೂರನೇ ಪುಟವನ್ನು ಅವನು ಕಂಡದ್ದೇ ಇಲ್ಲ.

ಆದರೂ ಬೀಜಾಡಿಯಲ್ಲಿ ಕಾದಂಬರಿ ಓದಿದ ಏಕಮಾತ್ರ ಗಂಡಸು ಎಂಬ ಕೀರ್ತಿ ಅವನಿಗೆ ಇತ್ತು. ಅದು ಹರಿಣಾಕ್ಷಿ ಹಬ್ಬಿಸಿದ ಕೀರ್ತಿ. ಊರಿನ ಮಹಿಳಾ ಮಂಡಲದ ಅಧ್ಯಕ್ಷೆಯಾದ ಮೇಲೆ ಅವಳು ಆ ಒಂದೇ ಪ್ರತಿಯನ್ನು ಸದಸ್ಯೆಯರಿಗೆಲ್ಲ ಸರದಿಯಂತೆ ಓದಿಸಿದ್ದಳು. ಪಕ್ಕದ ಮನೆಯ ಟೈಲರ್ ಗುಲಾಬಿಯಂತೂ ರವಿಕೆಯ ಅಳತೆ ತೆಗೆಯುತ್ತಲೇ ಗಂಡನಿಗೆ ಬೈಯುತ್ತಿದ್ದಳಂತೆ, ರಾಜೀವಣ್ಣನನ್ನು ನೋಡಿ ಕಲಿ ಎಂದು.

ಇಂತಿಪ್ಪ ಕಾಲದಲ್ಲಿ ‘ಏಳನೇ ದೋಣಿ’ ಸಿನಿಮಾ ಆಯಿತು.

ಸುದ್ದಿ ತಂದದ್ದು ಮಗಳು ನವ್ಯಶ್ರೀ, ಫೋನಿನಲ್ಲಿ. ಹರಿಣಾಕ್ಷಿಗೆ ಖುಷಿಗಿಂತ ಆತಂಕವೇ ಹೆಚ್ಚಾಯಿತು. ತನ್ನ ಬೆಳ್ಳಿಯನ್ನು ಯಾರೋ ಬಣ್ಣ ಹಚ್ಚಿದ ಹುಡುಗಿ ಏನು ಮಾಡಿಬಿಡುತ್ತಾಳೋ ಎಂದು ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಮೂರನೇ ದಿನ ಮಹಿಳಾ ಮಂಡಲದ ಸಭೆ ಕರೆದು ಒಂದು ನಿರ್ಣಯ ಪಾಸು ಮಾಡಿಸಿದಳು. ಬರುವ ಆದಿತ್ಯವಾರ ಹನ್ನೊಂದೂ ಜನ ಸದಸ್ಯೆಯರು ಒಟ್ಟಿಗೆ ಕುಂದಾಪುರಕ್ಕೆ ಹೋಗಿ ಮ್ಯಾಟಿನಿ ನೋಡತಕ್ಕದ್ದು. ಅದಕ್ಕೂ ಮುಂಚೆ ಬೆಳಿಗ್ಗೆ ಅಧ್ಯಕ್ಷೆಯ ಮನೆಯಲ್ಲಿ ಚಹಾ, ಗೋಳಿಬಜೆ, ಮತ್ತು ಮೂಲ ಕಾದಂಬರಿಯ ಕುರಿತು ಶ್ರೀ ರಾಜೀವ ಅವರಿಂದ ಉಪನ್ಯಾಸ.

ಉಪನ್ಯಾಸಕರಿಗೆ ಈ ವಿಷಯ ಗೊತ್ತಾದದ್ದು ಬುಧವಾರ ಊಟಕ್ಕೆ ಕೂತಾಗ. ಬಾಯಲ್ಲಿದ್ದ ಬಂಗುಡೆಯ ಮುಳ್ಳು ಹೋಗಬಾರದ ಕಡೆ ಹೋಯಿತು. ಕೆಮ್ಮು ನಿಂತ ಮೇಲೆ, ತನಗೆ ಭಾಷಣವೆಲ್ಲ ಬರುವುದಿಲ್ಲ, ಗುಲಾಬಿಯೇ ಮಾತಾಡಲಿ ಎಂದು ಬೇಡಿಕೊಂಡ. ಹರಿಣಾಕ್ಷಿ ಕೇಳಲಿಲ್ಲ. ಹೆಂಗಸರು ಹೇಳುವುದನ್ನು ಹೆಂಗಸರು ದಿನಾ ಕೇಳುತ್ತಾರೆ, ಒಬ್ಬ ಗಂಡಸು ಬೆಳ್ಳಿಯ ಬಗ್ಗೆ ಏನು ಹೇಳುತ್ತಾನೆ ಎಂದು ಎಲ್ಲರಿಗೂ ಆಸೆಯಂತೆ.

ಗುರುವಾರವಿಡೀ ಅವನು ಅಂಗಡಿಯಲ್ಲಿ ಕೂತು ಉಪಾಯ ಹುಡುಕಿದ. ಪುಸ್ತಕವನ್ನೇ ಓದಿಬಿಡೋಣವೆಂದರೆ ಅದು ಹರಿಣಾಕ್ಷಿಯ ಕೈಯಲ್ಲಿತ್ತು, ಸಿನಿಮಾಕ್ಕೆ ಮುಂಚೆ ಇನ್ನೊಮ್ಮೆ ಮುಗಿಸಬೇಕೆಂದು ಹಗಲೆಲ್ಲ ಹಿಡಿದುಕೊಂಡಿದ್ದಳು. ಮಧ್ಯಾಹ್ನ ಮಗಳ ಫೋನು ಬಂತು, ಅಮ್ಮನಿಗೆ ಸಮಾಧಾನ ಹೇಳಿ ಎನ್ನಲು. ನಿರ್ದೇಶಕರು ಸಂದರ್ಶನದಲ್ಲಿ ಹೇಳಿದ್ದಾರಂತೆ, ಕಾದಂಬರಿಯ ಆತ್ಮವನ್ನು ಇದ್ದ ಹಾಗೆಯೇ ಉಳಿಸಿಕೊಂಡಿದ್ದೇವೆ ಎಂದು.

ಫೋನು ಇಟ್ಟ ರಾಜೀವನ ಮುಖದ ಮೇಲೆ ಇಪ್ಪತ್ತೊಂಬತ್ತು ವರ್ಷಗಳಲ್ಲಿ ಮೊದಲ ಬಾರಿಗೆ ಜ್ಞಾನೋದಯದ ಕಳೆ ಕಾಣಿಸಿತು. ಸಿನಿಮಾ ಶುಕ್ರವಾರ ಬಿಡುಗಡೆ. ಉಪನ್ಯಾಸ ಆದಿತ್ಯವಾರ. ಇಷ್ಟು ವರ್ಷ ಓದಲಾಗದ್ದನ್ನು ಎರಡೂವರೆ ಗಂಟೆಯಲ್ಲಿ, ಕಾಲು ಚಾಚಿ, ಕಡ್ಲೆ ತಿನ್ನುತ್ತ ಮುಗಿಸಬಹುದು. (ಸಿನಿಮಾ ಕಂಡುಹಿಡಿದವನಿಗೆ ಮನಸ್ಸಿನಲ್ಲೇ ಅಡ್ಡಬಿದ್ದ.)

ಶುಕ್ರವಾರ ಮಧ್ಯಾಹ್ನ, ಸಾಸ್ತಾನದಲ್ಲಿ ಒಬ್ಬರಿಗೆ ಹಗ್ಗದ ಸ್ಯಾಂಪಲ್ ತೋರಿಸಬೇಕು ಎಂದು ಹಳೆಯ ಸುಳ್ಳಿನ ಮರಿಯೊಂದನ್ನು ಹೆಂಡತಿಗೆ ಫೋನಿನಲ್ಲಿ ಹೇಳಿ, ಅಂಗಡಿಗೆ ಬೀಗ ಹಾಕಿ, ಸಾಸ್ತಾನದ ವಿರುದ್ಧ ದಿಕ್ಕಿನಲ್ಲಿದ್ದ ಥಿಯೇಟರಿಗೆ ಹೋದ. ಟಿಪ್ಪಣಿಗೆಂದು ಒಂದು ಹಳೆಯ ಮದುವೆ ಕಾಗದವೂ ಪೆನ್ನೂ ಕಿಸೆಯಲ್ಲಿತ್ತು.

ಪರದೆಯ ಮೇಲೆ ಮರಳು ಬಂದಾಗ ಸೆಟೆದು ಕೂತ, ಇಲ್ಲೂ ನಿದ್ದೆ ಬಂದೀತೇ ಎಂದು. ಬರಲಿಲ್ಲ. ಆ ಮರಳಿನ ಮೇಲೆ ಒಂದು ಹೆಲಿಕಾಪ್ಟರು ಇಳಿಯಿತು. ಅದರಿಂದ ದುಬೈನಿಂದ ಬಂದ ಚಂದಯ್ಯ ಜಿಗಿದ. ಅಂಗಿ ಇರಲಿಲ್ಲ, ಹೊಟ್ಟೆಯ ಮೇಲೆ ಇಡ್ಲಿ ತಟ್ಟೆಯಂತೆ ಆರು ಗುಳಿ. ಬೆಳ್ಳಿ ಮೀನಿನ ಬುಟ್ಟಿ ಹೊತ್ತು ಬಂದವಳು ಅವನನ್ನು ಕಂಡದ್ದೇ ಬುಟ್ಟಿ ಎಸೆದು ಹಿಮದ ಬೆಟ್ಟದ ಮೇಲೆ ಹಾಡತೊಡಗಿದಳು. ಸಮುದ್ರದ ತಳದಲ್ಲಿ ಒಬ್ಬ ಖಳನಾಯಕ ಸಬ್‌ಮರೀನಿನಲ್ಲಿ ಚಿನ್ನ ಸಾಗಿಸುತ್ತಿದ್ದ. ಏಳನೇ ದೋಣಿ ಎಂದರೆ ಅದೇ ಸಬ್‌ಮರೀನು ಎಂದು ಮಧ್ಯಂತರದ ಹೊತ್ತಿಗೆ ಗೊತ್ತಾಯಿತು. ಕೊನೆಗೆ ಉಳಿದ ಆರು ದೋಣಿಗಳೂ ಆಕಾಶಕ್ಕೆ ಹಾರಿ, ಹೊಗೆಯೊಳಗಿಂದ ಚಂದಯ್ಯ ನಡೆದು ಬಂದು ಬೆಳ್ಳಿಯ ಕೊರಳಿಗೆ ತಾಳಿ ಕಟ್ಟಿದ.

ರಾಜೀವ ಸಿಳ್ಳೆ ಹೊಡೆದ. ಬರೆದುಕೊಳ್ಳಲು ಕೈ ಸಾಲಲಿಲ್ಲ, ಮದುವೆ ಕಾಗದದ ನಾಲ್ಕೂ ಮಗ್ಗುಲು ತುಂಬಿ ವಧುವಿನ ಹೆಸರಿನ ಮೇಲೂ ಬರೆದ. ಹೊರಗೆ ಬಂದಾಗ ಅವನಿಗೆ ಹೆಂಡತಿಯ ಮೇಲೆ ಹೊಸ ಗೌರವ ಹುಟ್ಟಿತ್ತು. ಬಡ್ಡಾಯಿ ಮೀನು ಒಣಗಿಸುತ್ತ ಸಾಧುವಾಗಿ ಕಾಣುವ ಹರಿಣಾಕ್ಷಿ ಇಷ್ಟು ವರ್ಷ ಓದುತ್ತಿದ್ದದ್ದು ಇಂಥ ಬೆಂಕಿಯನ್ನಾ. ಜೊತೆಗೆ ಸ್ವಲ್ಪ ಅಸೂಯೆಯೂ ಆಯಿತು. ಆ ಆರು ಗುಳಿಯ ವರ್ಣನೆಯನ್ನು ಅವಳು ಎಷ್ಟು ಸಲ ಓದಿರಬಹುದು ಎಂದು ಲೆಕ್ಕ ಹಾಕುತ್ತ, ಹೊಟ್ಟೆ ಒಳಗೆಳೆದುಕೊಂಡೇ ಮನೆಯ ತನಕ ನಡೆದ.

ಆದಿತ್ಯವಾರ ಬೆಳಿಗ್ಗೆ ಹತ್ತಕ್ಕೆ ಚಾವಡಿ ತುಂಬಿತು. ಗೋಳಿಬಜೆ ಒಂದು ಸುತ್ತು ಮುಗಿದ ಮೇಲೆ ರಾಜೀವ ಎದ್ದು ನಿಂತ. ಬಿಳಿ ಪಂಚೆ, ಇಸ್ತ್ರಿ ಅಂಗಿ. ಹರಿಣಾಕ್ಷಿ ಹೆಮ್ಮೆಯಿಂದ ಗೋಡೆಗೆ ಒರಗಿ ಕೂತಿದ್ದಳು.

ಈ ಕಾದಂಬರಿ ನಮ್ಮ ಕರಾವಳಿಯ ಕನ್ನಡಿ ಎಂದು ಶುರುಮಾಡಿದ. ಎಲ್ಲರೂ ತಲೆದೂಗಿದರು. ಚಂದಯ್ಯ ಹೆಲಿಕಾಪ್ಟರಿನಿಂದ ಜಿಗಿಯುವ ಆ ಮೊದಲ ಅಧ್ಯಾಯವನ್ನು ತಾನು ಇಂದಿಗೂ ಮರೆತಿಲ್ಲ ಎಂದ.

ಒಂದು ಕ್ಷಣ ಚಾವಡಿಯಲ್ಲಿ ಗೋಳಿಬಜೆ ಅಗಿಯುವ ಸದ್ದೂ ನಿಂತಿತು. ಆಮೇಲೆ ಗುಲಾಬಿ ಕಿಸಕ್ಕೆಂದಳು. ಅವಳ ಹಿಂದೆಯೇ ಇನ್ನೂ ಒಂಬತ್ತು ಜನ ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. ಈಗಿನ ಸಿನಿಮಾದವರು ಒಳ್ಳೆಯ ಕತೆಯನ್ನು ಏನು ಮಾಡುತ್ತಾರೆ ಎಂದು ರಾಜೀವಣ್ಣ ಗೇಲಿ ಮಾಡುತ್ತಿದ್ದಾರೆ ಎಂದೇ ಅವರು ತಿಳಿದರು. ರಾಜೀವನಿಗೆ ಇದು ಅರ್ಥವಾಗಲಿಲ್ಲ. ಆದರೆ ಜನ್ಮದಲ್ಲಿ ಮೊದಲ ಬಾರಿ ಹತ್ತು ಹೆಂಗಸರು ತನ್ನ ಮಾತಿಗೆ ನಗುತ್ತಿರುವಾಗ ಕಾರಣ ಕೇಳುವ ಗಂಡಸು ಈ ಕರಾವಳಿಯಲ್ಲಿ ಹುಟ್ಟಿಲ್ಲ. ಸಬ್‌ಮರೀನಿಗೆ ಇಳಿದ. ಅವರು ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ಹಿಮದ ಬೆಟ್ಟ ಹತ್ತಿದ. ಗುಲಾಬಿಗೆ ನೀರು ಕುಡಿಸಬೇಕಾಯಿತು.

ನಗದೆ ಇದ್ದವಳು ಹರಿಣಾಕ್ಷಿ ಒಬ್ಬಳೇ. ಗಂಡ ಗೇಲಿ ಮಾಡುವಾಗ ಅವನ ಬಲಗಣ್ಣು ಸಣ್ಣದಾಗುತ್ತದೆ ಎಂದು ಅವಳಿಗೆ ಗೊತ್ತು. ಈಗ ಅವನ ಎರಡೂ ಕಣ್ಣು ಭಕ್ತಿಯಿಂದ ಅರಳಿದ್ದವು. ನಗು ತಣ್ಣಗಾದ ಮೇಲೆ ಅವಳು ಒಂದೇ ಮಾತು ಕೇಳಿದಳು.

“ಹ್ವಾಯ್, ಕೊನಿಗ್ ನಿಮ್ಗ್ ಕಣ್ಣಂಗೆ ನೀರ್ ಬಂತಲ್ದಾ. ಅದ್ ಯಾವ ಜಾಗ್ದಲ್?”

“ತಾಳಿ ಕಟ್ವತ್ತಿಗೆ,” ಎಂದ ರಾಜೀವ. “ಖುಷಿಗ್ ಬಂದದ್.”

ಹೊರಗೆ ಗಾಡಿಯ ಹಾರನ್ ಕೇಳಿತು. ಉಪನ್ಯಾಸಕರನ್ನೂ ಎಳೆದುಕೊಂಡೇ ಹೋಗಬೇಕೆಂದು ಹೆಂಗಸರು ಹಟ ಹಿಡಿದರು. ನಗಿಸಲು ಒಬ್ಬರು ಬೇಕಲ್ಲ.

ಥಿಯೇಟರಿನಲ್ಲಿ ಅವನಿಗೆ ಕೊನೆಯ ಸಾಲಿನಲ್ಲಿ ಸೀಟು ಸಿಕ್ಕಿತು, ಹೆಂಗಸರೆಲ್ಲ ಅದರ ಮುಂದಿನ ಸಾಲಿನಲ್ಲಿ. ಮರಳು ಬಂತು. ಹೆಂಗಸರು ಆರಾಮವಾಗಿ ಒರಗಿದರು. ಹೆಲಿಕಾಪ್ಟರು ಇಳಿಯಿತು. ಗುಲಾಬಿ ನಿಧಾನಕ್ಕೆ ಹಿಂದೆ ತಿರುಗಿ ರಾಜೀವನ ಮುಖ ನೋಡಿದಳು. ಚಂದಯ್ಯ ಜಿಗಿದ. ಇನ್ನೂ ನಾಲ್ಕು ತಲೆ ಹಿಂದೆ ತಿರುಗಿದವು. ಹಿಮದ ಬೆಟ್ಟ ಬಂದಾಗ ಎಂಟು. ಸಬ್‌ಮರೀನು ನೀರಿನಿಂದ ಮೇಲೇಳುವ ಹೊತ್ತಿಗೆ ಇಡೀ ಸಾಲೇ ಪರದೆಗೆ ಬೆನ್ನು ಹಾಕಿ ಕೂತಿತ್ತು. ಅಷ್ಟು ಕೋಟಿ ಸುರಿದು ತೆಗೆದ ಸ್ಫೋಟವನ್ನು ಅವರು ರಾಜೀವನ ಮುಖದ ಮೇಲಿನ ಕೆಂಪು ಬೆಳಕಿನಲ್ಲಿ ಮಾತ್ರ ನೋಡಿದರು. ತಿರುಗದೆ ಇದ್ದವಳು ಹರಿಣಾಕ್ಷಿ. ಅವಳ ತುರುಬನ್ನೇ ನೋಡುತ್ತ ರಾಜೀವ ಎರಡೂವರೆ ಗಂಟೆ ಬೆವರಿದ.

ಗಾಡಿಯಲ್ಲಿ ವಾಪಸು ಬರುವಾಗ ಎಲ್ಲರೂ ಕಿಟಕಿಯ ಹೊರಗೆ ನೋಡುತ್ತ ಕೂತರು. ಕೋಟೇಶ್ವರ ದಾಟುವಾಗ ಹಿಂದಿನ ಸೀಟಿನಲ್ಲಿ ಯಾರೋ ಒಬ್ಬರು ಬಾಯಿಗೆ ಸೆರಗು ತುರುಕಿಕೊಂಡು ನಕ್ಕ ಹಾಗಾಯಿತು, ಅಷ್ಟೇ.

ಮನೆಗೆ ಬಂದು ಚಪ್ಪಲಿ ಬಿಡುವ ಮುಂಚೆಯೇ ರಾಜೀವ ಎಲ್ಲ ಒಪ್ಪಿಕೊಂಡ. ಶುಕ್ರವಾರದ ಸಾಸ್ತಾನ, ಮರಳಿನ ಎರಡು ಪುಟ, ಮೂರು ಉತ್ತರಗಳು, ಉಪ್ಪುಂದದ ಕಿಟಕಿ. ಹೇಳುತ್ತ ಹೇಳುತ್ತ ಅವನ ದನಿ ಸಣ್ಣದಾಯಿತು.

“ಅವತ್ ಇಲ್ಲ ಅಂದಿದ್ರೆ ನೀ ನನ್ನ ಒಪ್ತಿದ್ಯಾ?” ಎಂದ. “ಹೆದ್ರಿಕಿ ಆಯ್ತ್ ಹೆಣೆ. ಆ ಬ್ಯಾಂಕಿನವ್ನ ಸುದ್ದಿ ನಂಗ್ ದಲ್ಲಾಳಿ ಹೇಳಿದ್ದ.”

ಹರಿಣಾಕ್ಷಿ ಅಂಗಳದ ಒಣಮೀನಿನ ಮೇಲೆ ಹೊದೆಸಿದ ಬಲೆಯನ್ನು ಸರಿಮಾಡಿದಳು.

“ಸುಳ್ ಹೇಳಿ ಮದಿ ಆದ್ದಕ್ಕೆ ಬೇಜಾರಿಲ್ಲ,” ಎಂದಳು. “ಎಲ್ಲ ಗಂಡಸ್ರೂ ಎಂತಾರೂ ಹೇಳಿಯೇ ಆಪ್ದ್. ಪುಸ್ತಕಕ್ಕೆ ಇನ್ನೂರ ಮೂರ್ ಪುಟ. ನಂಗೂ ನಿಮ್ಗೂ ಮದಿ ಆಯಿ ಇಪ್ಪತ್ತೊಂಬತ್ ವರ್ಷ. ವರ್ಷಕ್ಕ್ ಏಳ್ ಪುಟ ಓದಿದ್ರೂ ಇವತ್ತಿಗ್ ಮುಗೀತಿತ್ತ್.”

ಪುಸ್ತಕ ತಂದು ಅವನ ಮಡಿಲಲ್ಲಿಟ್ಟಳು. ಓದಿ ಮುಗಿಯುವ ತನಕ ತಾನು ಮಾತಾಡುವುದಿಲ್ಲ ಎಂದಳು. ಅದು ಅವಳ ಕೊನೆಯ ಮಾತು, ಆ ವಾರದ ಮಟ್ಟಿಗೆ. ಅನ್ನ ಬಡಿಸುತ್ತಿದ್ದಳು, ಸಾರು ಹಾಕುತ್ತಿದ್ದಳು. ಇನ್ನೂ ಬೇಕಾ ಎಂದು ಮಾತ್ರ ಕೇಳುತ್ತಿರಲಿಲ್ಲ. ಹೀಗಾಗಿ ರಾಜೀವ ನಾಲ್ಕೇ ದಿನದಲ್ಲಿ ಒಂದೂವರೆ ಕೇಜಿ ಇಳಿದ.

ಸೋಮವಾರ ಅಂಗಡಿಯಲ್ಲಿ ನಿಂತುಕೊಂಡೇ ಓದಲು ಶುರುಮಾಡಿದ, ಕೂತರೆ ನಿದ್ದೆ ಬಂದೀತೆಂದು. ಮರಳು ದಾಟಿ ಮೂರನೇ ಪುಟಕ್ಕೆ ಕಾಲಿಟ್ಟ. ಅಲ್ಲಿ ಬೆಳ್ಳಿ ಇದ್ದಳು. ಬೆಳಗಿನ ಜಾವ ಹೋದ ಏಳು ದೋಣಿಗಳಲ್ಲಿ ಆರು ಮರಳಿ ಬಂದಿದ್ದವು, ಅವಳು ಏನೂ ಕೇಳದೆ ಆರನೆಯದರ ಮೀನು ಬುಟ್ಟಿಗೆ ತುಂಬುತ್ತಿದ್ದಳು. ಇದೇನು ಹೆಣ್ಣಪ್ಪ ಎಂದುಕೊಂಡು ಪುಟ ತಿರುಗಿಸಿದ. ಮಧ್ಯಾಹ್ನದ ಹೊತ್ತಿಗೆ ಕೂತಿದ್ದ. ಮಂಗಳವಾರ ಗಂಗೊಳ್ಳಿಯವರೊಬ್ಬರು ಬಲೆ ಕೇಳಿಕೊಂಡು ಬಂದರೆ, ಸ್ವಲ್ಪ ನಿಲ್ಲಿ, ಚಂದಯ್ಯ ಬಾಗಿಲು ತಟ್ಟುತ್ತಿದ್ದಾನೆ ಎಂದ. ಅವರು ಹೊರಗೆ ಇಣುಕಿ, ಯಾರನ್ನೂ ಕಾಣದೆ ಬೇರೆ ಅಂಗಡಿಗೆ ಹೋದರು. ಚಂದಯ್ಯನಿಗೆ ಇಡೀ ಪುಸ್ತಕದಲ್ಲಿ ನಾಲ್ಕೇ ಮಾತು. ಹೆಲಿಕಾಪ್ಟರು ಹಾಗಿರಲಿ, ಅವನ ಕಾಲಿಗೆ ಚಪ್ಪಲಿಯೂ ಇರಲಿಲ್ಲ. ಗುರುವಾರ ಸಂಜೆ ಕೊನೆಯ ಪುಟದಲ್ಲಿ ಏಳನೇ ದೋಣಿ ಖಾಲಿಯಾಗಿ ತೇಲಿಬಂತು. ಊರಿನವರು ಅದನ್ನು ಒಡೆದು ಸೌದೆ ಮಾಡಲು ಹೊರಟರೆ ಬೆಳ್ಳಿ ಸೆರಗು ಸೊಂಟಕ್ಕೆ ಸಿಕ್ಕಿಸಿ, ತಾನೊಬ್ಬಳೇ ಅದನ್ನು ನೀರಿಗೆ ನೂಕಿ ಹುಟ್ಟು ಹಾಕಿದಳು.

ರಾಜೀವ ತೇಲುಗುಂಡಿನ ಮೂಟೆಯ ಮೇಲೆ ತಲೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತ. ಪಕ್ಕದ ಅಂಗಡಿಯವರು ಯಾರೋ ತೀರಿಹೋದರೆಂದು ಬಾಗಿಲು ಅರ್ಧ ಎಳೆದರು.

ಅಳು ನಿಂತ ಮೇಲೆ ಸಿಟ್ಟು ಬಂತು. ಇಂಥ ಬೆಳ್ಳಿಯನ್ನು ಹಿಮದ ಮೇಲೆ ಕುಣಿಸಿದರಲ್ಲ. ಆತ್ಮ ಉಳಿಸಿಕೊಂಡಿದ್ದೇವೆ ಎಂದ ಆ ಮಹಾನುಭಾವ ಎದುರಿಗೆ ಸಿಕ್ಕಿದ್ದರೆ ರಾಜೀವ ಸೀಸದ ಗುಂಡು ಕಟ್ಟಿ ನೀರಿಗೆ ಬಿಡುತ್ತಿದ್ದ. ಪುಸ್ತಕ ಎದೆಗವಚಿಕೊಂಡು ಬೀಜಾಡಿಗೆ ಓಡಿದ. ಹೆಂಡತಿಯ ಜೊತೆ ಕೂತು ಅತ್ತು, ಇಬ್ಬರೂ ಸೇರಿ ಆ ಸಿನಿಮಾಕ್ಕೆ ಹಿಡಿಶಾಪ ಹಾಕಬೇಕು, ಇಪ್ಪತ್ತೊಂಬತ್ತು ವರ್ಷದ ಬಾಕಿ ಮಾತೆಲ್ಲ ಆಡಬೇಕು ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡ.

ಹರಿಣಾಕ್ಷಿ ಕೆಂಪು ಕಣ್ಣುಗಳನ್ನು ಪರೀಕ್ಷಿಸಿದಳು. ಬೆಳ್ಳಿ ಕೊನೆಗೆ ಸೆರಗು ಎಲ್ಲಿ ಸಿಕ್ಕಿಸಿದಳು ಎಂದು ಕೇಳಿದಳು. ಸೊಂಟಕ್ಕೆ ಎಂದ. ಪಾಸಾದಿರಿ ಎಂಬಂತೆ ಒಳಗೆ ಹೋಗಿ ಚಹಾ ತಂದುಕೊಟ್ಟು, ನಾಳೆ ಮಧ್ಯಾಹ್ನ ಅಂಗಡಿ ಮುಚ್ಚಿ ಎಂದಳು. ಇಬ್ಬರೂ ಆ ಸಿನಿಮಾಕ್ಕೆ ಹೋಗುವುದಂತೆ.

ರಾಜೀವ ಲೋಟ ಕೆಳಗಿಟ್ಟ. ಅಂಥ ಅನಾಚಾರವನ್ನು ಇನ್ನೊಮ್ಮೆ ನೋಡುವುದೇ ಎಂದು ಕೂಗಾಡಿದ. ಹರಿಣಾಕ್ಷಿ ಶಾಂತವಾಗಿ ವಿಷಯ ತಿಳಿಸಿದಳು. ಆದಿತ್ಯವಾರ ಅವಳ ಕಣ್ಣು ಪರದೆಯ ಮೇಲಿದ್ದರೂ ಮನಸ್ಸು ಹಿಂದಿನ ಸೀಟಿನಲ್ಲೇ ಇತ್ತು, ಸಿನಿಮಾ ನೋಡಿದ ಹಾಗೇ ಆಗಲಿಲ್ಲ. ಬುಧವಾರ ಗುಲಾಬಿಯ ಜೊತೆ ಇನ್ನೊಮ್ಮೆ ಹೋಗಿ ನೋಡಿ ಬಂದಿದ್ದಳು. ಪುಸ್ತಕದ ಪರವಾಗಿ ಸಿಟ್ಟು ಮಾಡಿಕೊಳ್ಳಬೇಕೆಂದೇ ಹೋಗಿದ್ದಳಂತೆ, ಆದರೆ ಆ ವಾರದ ಸಿಟ್ಟೆಲ್ಲ ಗಂಡನ ಮೇಲೆ ಖರ್ಚಾಗಿ ಸಿನಿಮಾದ ಪಾಲಿಗೆ ಏನೂ ಉಳಿದಿರಲಿಲ್ಲ.

“ಪುಸ್ತಕದಂಗ್ ಇಲ್ಲೆ, ಹೌದ್,” ಎಂದಳು. “ಆರೆ ಆ ಗಂಡ್ ಹೆಲಿಕಾಪ್ಟರಿಂದ ಹಾರುದ್ ಲಾಯ್ಕ್ ಇತ್ತ್.”

ಮರುದಿನ ಮ್ಯಾಟಿನಿಯಲ್ಲಿ ಹೆಂಡತಿಯ ಪಕ್ಕ ರಾಜೀವ ಮುಳ್ಳಿನ ಮೇಲೆ ಕೂತ ಹಾಗೆ ಕೂತ. ಮಡಿಲಲ್ಲಿ ಪುಸ್ತಕ. ಚಂದಯ್ಯ ಜಿಗಿದಾಗ ಹರಿಣಾಕ್ಷಿ ಕಡ್ಲೆ ತಿನ್ನುವುದನ್ನು ಮರೆತು ಮುಂದಕ್ಕೆ ಬಾಗಿದಳು. ಇವನು ಹಲ್ಲು ಕಚ್ಚಿದ. ಹಿಮದ ಬೆಟ್ಟವನ್ನೂ ಸಹಿಸಿದ. ಸಬ್‌ಮರೀನು ಮೇಲೇಳುವಾಗ ತಡೆಯಲಾಗಲಿಲ್ಲ. ಎದ್ದು ನಿಂತು, ಪುಸ್ತಕ ಎತ್ತಿ ಹಿಡಿದು, ಅದು ದೋಣಿ, ಮರದ ದೋಣಿ, ನೂರಾ ಹನ್ನೆರಡನೇ ಪುಟ ತೆಗೆದು ನೋಡಿ ಎಂದು ಇಡೀ ಥಿಯೇಟರಿಗೆ ಕೇಳುವಂತೆ ಹೇಳತೊಡಗಿದ. ಸುತ್ತಲಿಂದ ಕೂತ್ಕಣಿ, ಕೂತ್ಕಣಿ ಎಂದು ಗಲಾಟೆಯಾಯಿತು. ಟಾರ್ಚು ಹಿಡಿದ ಗೇಟಿನವನು ಓಡಿ ಬಂದು ಬೆಳಕನ್ನು ಮೊದಲು ರಾಜೀವನ ಮೇಲೆ, ಆಮೇಲೆ ಹರಿಣಾಕ್ಷಿಯ ಮೇಲೆ ಬಿಟ್ಟ.

“ಅಕ್ಕ, ಇವ್ರ್ ನಿಮ್ಮೊಟ್ಟಿಗ್ ಬಂದವ್ರಾ?”

ಹರಿಣಾಕ್ಷಿ ಪರದೆಯಿಂದ ಕಣ್ಣು ತೆಗೆಯಲಿಲ್ಲ. ಕಡ್ಲೆಯ ಪೊಟ್ಟಣವನ್ನು ಬಲಗೈಯಿಂದ ಎಡಗೈಗೆ ದಾಟಿಸಿಕೊಂಡಳು.

“ಅಲ್ಲಪ್ಪ,” ಎಂದಳು. “ನಾನ್ ಒಬ್ಳೇ ಬಂದದ್ದ್.”